ಸೋಡಚೀಟಿ ತೋರಿಸಿದರೆ ಸಾಕೇ?

ಪ್ರಶ್ನೆ: ಮದುವೆಯಾಗಿ ಐದು ತಿಂಗಳು. ಗಂಡನಿಗೆ ಮೊದಲೇ ಒಂದು ಮದುವೆಯಾಗಿತ್ತೆಂದು ಹೋದ ತಿಂಗಳು ಗೊತ್ತಾಯಿತು. ಕೇಳಿದರೆ ಬಾಂಡ್ ಮೇಲೆ ಬರೆದ ಸೋಡಚೀಟಿ (ಮದುವೆ ಬಿಡುಗಡೆಯ ಪತ್ರ) ತೋರಿಸುತ್ತಾರೆ. ನಾನೀಗ ತವರಿನಲ್ಲಿದ್ದೇನೆ, ಮೂರು ತಿಂಗಳ ಗರ್ಭಿಣಿ. ವಿಚ್ಛೇದನಕ್ಕೆ ಒಂದು ವರ್ಷ ಕಾಯಬೇಕಂತೆ, ಹೌದೇ?
– ಓದುಗರು, ಮುಧೋಳ

ಉತ್ತರ: ಆ ಒಂದು ವರ್ಷದ ಮಾತು ವಿಚ್ಛೇದನಕ್ಕಷ್ಟೇ. ಸರಿಯಾಗಿಯೇ ಆದ ಮದುವೆ ಆಮೇಲೆ ಹಿಂಸೆಯಿಂದಲೋ, ಎರಡು ವರ್ಷ ಬಿಟ್ಟುಹೋದದ್ದರಿಂದಲೋ ಕೆಟ್ಟಾಗ ಕೇಳುವುದು ವಿಚ್ಛೇದನ. ನಿಮ್ಮ ತೊಡಕು ಅಕ್ಷತೆ ಬೀಳುವ ಮೊದಲೇ ಇತ್ತು. ಹಾಗಾಗಿ ನೀವು ಕೇಳಬೇಕಾದದ್ದು ವಿಚ್ಛೇದನವಲ್ಲ, ಈ ಮದುವೆಯೇ ಅಸಿಂಧು (ಕಾನೂನಿನಲ್ಲಿ ಮದುವೆಯೇ ಅಲ್ಲ) ಎಂಬ ಘೋಷಣೆ ಅಥವಾ ಅದರ ರದ್ದು. ಅದಕ್ಕೆ ಈಗಲೇ ಅರ್ಜಿ ಹಾಕಬಹುದು.

ಮೊದಲು ಆ ಸೋಡಚೀಟಿಯ ಜೆರಾಕ್ಸ್ ಪಡೆಯಿರಿ. ಬಾಂಡ್ ಖರೀದಿಸಿದ ತಾರೀಖು ನಿಮ್ಮ ಮದುವೆಗಿಂತ ಹಿಂದಿನದೇ? ಮೊದಲ ಹೆಂಡತಿಯ ಸಹಿ ಇದೆಯೇ? ನೋಟರಿ ಮೊಹರು ಬಿದ್ದ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ. ತಮ್ಮ ಸಮಾಜದಲ್ಲಿ ಹೀಗೆ ಬಿಡುಗಡೆ ಕೊಡುವ ರೂಢಿ ಹಿಂದಿನಿಂದಲೂ ಇದೆಯೆಂದು ನಿಮ್ಮ ಗಂಡನೇ ಸಾಬೀತು ಮಾಡಬೇಕು. ಅದಾಗದಿದ್ದರೆ, ಕೋರ್ಟಿನ ವಿಚ್ಛೇದನದ ಡಿಕ್ರಿಯೂ (ತೀರ್ಪು) ಇಲ್ಲದಿದ್ದರೆ, ಮೊದಲ ಮದುವೆ ಇನ್ನೂ ಜೀವಂತ. ಆಗ ನಿಮ್ಮದು ಹಿಂದೂ ವಿವಾಹ ಕಾಯ್ದೆ, 1955ರ ಕಲಂ 11ರಂತೆ ಹುಟ್ಟಿನಿಂದಲೇ ಅಸಿಂಧು. ಇದಕ್ಕೆ ಗಡುವಿಲ್ಲ.

ರೂಢಿ ಸಾಬೀತಾದರೂ ಮುಚ್ಚಿಟ್ಟದ್ದು ಮೋಸವೇ. ಆಗ ಕಲಂ 12ರಡಿ ರದ್ದು ಕೇಳಬೇಕು. ಇಲ್ಲಿ ಗಡುವು ಬಿಗಿ: ಮೋಸ ತಿಳಿದ ದಿನದಿಂದ ಒಂದು ವರ್ಷ. ಇನ್ನೊಂದು ಮಾತು, ಕೇಸು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಹಿರಿಯರು ಕೂತು "ಹೊಂದಿಕೊಂಡು ಹೋಗವ್ವಾ" ಎಂದು ಕಳಿಸುತ್ತಾರೆ. ವಿಷಯ ಗೊತ್ತಿದ್ದೂ ಮನಸ್ಸೊಪ್ಪಿ ಮತ್ತೆ ಸಂಸಾರ ಮಾಡಿದರೆ ಈ ಬಾಗಿಲು ಮುಚ್ಚಿತು. ದಯವಿಟ್ಟು ವಕೀಲರನ್ನು ಕಾಣುವವರೆಗೆ ಆ ಮನೆಗೆ ಹೋಗಬೇಡಿ. ಒಂದೇ ಅರ್ಜಿಯಲ್ಲಿ ಕಲಂ 11, ಅದಾಗದಿದ್ದರೆ ಕಲಂ 12 ಎಂದು ಎರಡನ್ನೂ ಕೇಳಿಸಿ. ಲಗ್ನಪತ್ರಿಕೆ, ಫೋಟೊ, ವಿಷಯ ತಿಳಿದ ದಿನದ ವಾಟ್ಸ್ಆ್ಯಪ್ ಸಂದೇಶ ಜೋಪಾನ ಮಾಡಿ. ತಾರೀಖು ತೋರಿಸುವುದು ಅವೇ.

ಮಗುವಿನ ಬಗ್ಗೆ ಹೆದರಬೇಡಿ. ಮದುವೆ ಅಸಿಂಧುವಾದರೂ ಕಲಂ 16ರಂತೆ ಮಗು ಸಕ್ರಮ, ತಂದೆಯ ಆಸ್ತಿಯಲ್ಲಿ ಹಕ್ಕುಂಟು. ಅಸಿಂಧು ಮದುವೆಯಲ್ಲೂ ಶಾಶ್ವತ ಜೀವನಾಂಶ ಕೇಳಬಹುದೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ.

ಮದುವೆ ಎಲ್ಲೇ ಆಗಿರಲಿ, ನೀವೀಗ ಇರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ವಕೀಲರ ಫೀಗೆ ದುಡ್ಡಿಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.