ಒರತೆಯ ಬಾಯಲ್ಲಿ ಅಲ್ಲ, ಮಡುವಿನಲ್ಲಿ ನೀರು ಅಳೆಯಿರಿ

ಒರತೆ ನೀರು ಚಳಿಗಾಲದಲ್ಲೂ ಬೆಚ್ಚಗಿರುತ್ತೆ, ಹಾಗಾದರೆ ಸ್ಮಾಲ್‌ಮೌತ್ ಬಾಸ್ ಮೀನು ಬೇಸಿಗೆಯ ಹಾಗೇ ಫ್ಲೈ (ಗಾಳದ ಕೊಕ್ಕೆಗೆ ಗರಿ, ದಾರ ಸುತ್ತಿ ಕಟ್ಟಿದ ಹುಸಿ ಆಹಾರ) ಹಿಡಿಯಬೇಕಲ್ವಾ, ಯಾವ ಫ್ಲೈ ಕಟ್ಟಲಿ ಅಂತ ಕೇಳಿದ್ದೀರಿ. ಅಮೆರಿಕದ ಮಿಸೌರಿಗೆ ಬಂದ ಎರಡನೇ ವರ್ಷ ನಾನೂ ಇದೇ ಲೆಕ್ಕ ಹಾಕಿದ್ದೆ. ಒಂದಿಡೀ ಚಳಿಗಾಲ ಕೈಬಿಟ್ಟುಹೋಯಿತು.

ಸೇಂಟ್ ಲೂಯಿಸ್‌ನಿಂದ ವ್ಯಾನ್ ಬ್ಯೂರೆನ್‌ಗೆ ಹತ್ತಿರ ಹತ್ತಿರ ಮೂರು ಗಂಟೆ ದಾರಿ. ಆ ಊರಿನ ಪಕ್ಕದಲ್ಲೇ ಬಿಗ್ ಸ್ಪ್ರಿಂಗ್ ಅನ್ನುವ ಒರತೆ. ಗುಡ್ಡದ ಬುಡದಿಂದ ದಿನಕ್ಕೆ ಸರಾಸರಿ 100 ಕೋಟಿ ಲೀಟರಿಗೂ ಜಾಸ್ತಿ ನೀರು ಉಕ್ಕಿ ಬಂದು, ಸ್ವಲ್ಪ ದೂರ ಹರಿದು, ಕರೆಂಟ್ ನದಿಗೆ ಸೇರುತ್ತದೆ. ಡಿಸೆಂಬರಿನ ಆ ಬೆಳಿಗ್ಗೆ ನೀರಿನ ಮೇಲೆ ಹಬೆ ಆಡುತ್ತಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆ ಬಾವಿಯಿಂದ ಚಳಿಯಲ್ಲಿ ಸೇದಿದ ಕೊಡದ ನೀರು ನೆನಪಾಯಿತು. ಎರಡಕ್ಕೂ ಕಾರಣ ಒಂದೇ. ನೆಲದಾಳದ ನೀರಿಗೆ ಚಳಿಗಾಲ, ಬೇಸಿಗೆ ಎರಡೂ ಅಷ್ಟಾಗಿ ತಟ್ಟುವುದಿಲ್ಲ.

ಥರ್ಮಾಮೀಟರ್ ಅದ್ದಿದೆ. 14 ಡಿಗ್ರಿ ಸೆಲ್ಸಿಯಸ್. ಅದನ್ನು ಚೀಲಕ್ಕೆ ಹಾಕಿದವನು ಮತ್ತೆ ಹೊರಗೆ ತೆಗೆಯಲೇ ಇಲ್ಲ. ನನ್ನ ತಪ್ಪು ಇದೇ. 14 ಅಂದರೆ ಏಪ್ರಿಲ್ ತಿಂಗಳ ನದಿ ಅಂದುಕೊಂಡೆ. ಏಪ್ರಿಲ್‌ನಲ್ಲಿ ಹೇಗೆ ಎಳೆಯುತ್ತೇನೋ ಹಾಗೇ ಲೈನ್, ಅಂದರೆ ಗಾಳದ ದಾರ, ಎಳೆದೆ, ಸರ್ರನೆ, ಮೊಳ ಮೊಳದಂತೆ. ಒರತೆ ನದಿಗೆ ಸೇರುವಲ್ಲಿ ಎಳೆದೆ, ಅಲ್ಲಿ ಸೆಳವು ಜೋರು. ಕೆಳಗೆ ನಡೆದು ಮಡುವಿನಲ್ಲೂ ಎಳೆದೆ. ಎದುರು ದಡದ ಬಂಡೆಯ ಹತ್ತಿರವೂ ಎಳೆದೆ. ಎಲ್ಲಾ ಕಡೆಗೂ ಆ ಒಂದೇ ಅಂಕಿ. ಮೀನು ಬರದಿದ್ದಾಗ ಫ್ಲೈ ಬದಲಾಯಿಸಿದೆ, ಬಣ್ಣ ಬದಲಾಯಿಸಿದೆ, ಹೊಸ ರಾಡ್ (ಗಾಳದ ಕೋಲು) ಕೂಡ ತಗೊಂಡೆ. ನೀರನ್ನು ಮಾತ್ರ ಮತ್ತೆ ಅಳೆಯಲಿಲ್ಲ. ಎಂಟು ಶನಿವಾರ ಹೀಗೇ ಹೋಯಿತು. ಪ್ರತಿ ಸಲ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಮಗಳು ಏಳುವ ಮೊದಲೇ ಹೊರಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತೆ.

ಒಂಬತ್ತನೇ ಶನಿವಾರ ಜಲ್ಲಿಕಲ್ಲಿನ ದಂಡೆಯಲ್ಲಿ ಒಬ್ಬ ಹಿರಿಯರು ಸಿಕ್ಕರು. ಬಹಳ ಹೊತ್ತು ನನ್ನ ಕೈಯನ್ನೇ ನೋಡಿದರು. ಆಮೇಲೆ ಕೇಳಿದರು: "ನೀನು ನಿಂತ ಕಡೆ ಅಳೆದೆಯೋ, ಫ್ಲೈ ಬೀಳುವ ಕಡೆ ಅಳೆದೆಯೋ?" ಥರ್ಮಾಮೀಟರಿಗೆ ದಾರ ಕಟ್ಟಿ ಮಡುವಿಗೆ ಇಳಿಸಿ, ಎಳೆದು ತೋರಿಸಿದರು. 8 ಡಿಗ್ರಿ.

ಮೀನು ತಣ್ಣನೆ ರಕ್ತದ ಪ್ರಾಣಿ. ನೀರು ಎಷ್ಟು ತಣ್ಣಗೋ ಅದರ ಮೈಯೂ ಅಷ್ಟೇ ತಣ್ಣಗೆ. 8 ಡಿಗ್ರಿಯಲ್ಲಿ ಅದು ತಿನ್ನುತ್ತದೆ, ಆದರೆ ಓಡುವುದನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಒಂದು ಕ್ರೇಫಿಶ್ (ಸೀಗಡಿಯಂಥ ಸಿಹಿನೀರಿನ ಜೀವಿ) ಅರಗಲು ಬೇಸಿಗೆಗಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು, ಹಸಿವಿಗೆ ಅವಸರ ಇಲ್ಲ. ಸೆಳವಿಗೆ ಎದುರಾಗಿ ನಿಲ್ಲುವ ಶಕ್ತಿಯನ್ನೂ ಅದು ಸುಮ್ನೆ ಖರ್ಚು ಮಾಡುವುದಿಲ್ಲ. ಅದಕ್ಕೇ ಒರತೆಯ ಬಾಯಿ ಬಿಟ್ಟು, ಬೆಚ್ಚನೆ ನೀರು ಒಂದಿಷ್ಟು ಬೆರೆಯುವ, ಆಳವಾದ, ನಿಂತಂತಿರುವ ಮಡುವಿನಲ್ಲಿ ಗುಂಪಾಗಿ ಸೇರುತ್ತವೆ.

ಆ ದಿನ ಅವರು ಹೇಳಿದಂತೆ ಫ್ಲೈ ಬಿಟ್ಟು ಇಪ್ಪತ್ತು ಎಣಿಸಿದೆ. ತಳಕ್ಕೆ ತಾಗಿತು. ಒಂದು ಗೇಣು ಎಳೆದೆ, ಐದು ಎಣಿಸಿದೆ. ಮತ್ತೆ ಒಂದು ಗೇಣು. ಬೇಸಿಗೆಯ ಹಾಗೆ ಜಗ್ಗುತ್ತೆ ಅಂತ ಕಾಯಬೇಡಿ. ಒದ್ದೆ ಎಲೆ ಸಿಕ್ಕಿಕೊಂಡಂತೆ ಲೈನ್ ಸುಮ್ನೆ ಭಾರವಾಯಿತು. ಎಲೆ ಅಂದುಕೊಂಡೇ ರಾಡ್ ಎತ್ತಿದೆ. ಆ ಎಲೆ ತಲೆ ಒದರಿತು! ಹದಿನಾರು ಇಂಚು. ಕಂಚಿನ ಮೈ, ಅಡ್ಡ ಪಟ್ಟೆ, ಕೆಂಪು ಕಣ್ಣು. ನನ್ನ ಕೈಗಿಂತ ತಣ್ಣಗಿತ್ತು.

ಹಾಗಾಗಿ ಯಾವ ಫ್ಲೈ ಅನ್ನುವ ನಿಮ್ಮ ಪ್ರಶ್ನೆಯೇ ಮೊದಲಿನದಲ್ಲ. ಸಸ್ಕ್ವೆಹಾನಾ ನದಿಯ ಗೈಡ್ ಬಾಬ್ ಕ್ಲೌಸರ್ ಕಟ್ಟಿದ ಕ್ಲೌಸರ್ ಮಿನ್ನೋ ಅನ್ನುವ ಫ್ಲೈ ಈ ಮೀನಿಗೆ ಹೇಳಿಮಾಡಿಸಿದ್ದು. ಅದೇ ಫ್ಲೈ ನನ್ನ ಕೈಯಲ್ಲಿ ಎಂಟು ಶನಿವಾರ ಖಾಲಿ ಬಂತು. ತಳ ಮುಟ್ಟುವಷ್ಟು ಭಾರ ಇರುವ ಕಂದು ಅಥವಾ ಆಲಿವ್ ಬಣ್ಣದ ವೂಲಿ ಬಗ್ಗರ್ ಅನ್ನುವ ಫ್ಲೈ ಇದ್ದರೂ ಸಾಕು. 6 ಅಥವಾ 7 ವೇಟ್ ರಾಡ್ ಸಾಲುತ್ತೆ (ವೇಟ್ ಅಂದರೆ ಆ ರಾಡಿಗೆ ಹೊಂದುವ ಲೈನಿನ ತೂಕದ ನಂಬರ್). ಬೆಳಗಿನ ಜಾವವೇ ಓಡಬೇಡಿ. ಬಿಸಿಲು ಬಿದ್ದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ನೀರು ಅರ್ಧ ಡಿಗ್ರಿ ಏರಿದರೂ ವ್ಯತ್ಯಾಸ ಗೊತ್ತಾಗುತ್ತೆ.

ಸಿಕ್ಕ ಮೀನನ್ನು ದಯವಿಟ್ಟು ಬಿಟ್ಟುಬಿಡಿ. ನಿಧಾನವಾಗಿ ಬೆಳೆಯುವ ಜಾತಿ, ಒಂದೇ ಮಡುವಿನಲ್ಲಿ ಗುಂಪುಗೂಡಿರುತ್ತವೆ, ನಾಲ್ಕು ಜನ ಸೇರಿದರೆ ಮಡು ಬರಿದಾಗುತ್ತೆ. ಬಿಡುವಾಗ ಕೈ ಒದ್ದೆ ಮಾಡಿಕೊಳ್ಳಿ, ನೀರಿಂದ ಜಾಸ್ತಿ ಹೊತ್ತು ಮೇಲೆ ಹಿಡಿಯಬೇಡಿ. ವೇಡರ್‌ನ, ಅಂದರೆ ನೀರಿಗಿಳಿಯಲು ಹಾಕುವ ಉಡುಪಿನ, ಸೊಂಟದ ಬೆಲ್ಟ್ ಬಿಗಿಯಾಗಿರಲಿ, ಕಾರಿನಲ್ಲಿ ಒಂದು ಜೊತೆ ಒಣ ಬಟ್ಟೆ ಇರಲಿ. ಮೊದಲ ಸಲ ಒಬ್ಬರೇ ನೀರಿಗಿಳಿಯಬೇಡಿ.