ಪಿ0453 ಬಂದ ತಕ್ಷಣ ಸೆನ್ಸರ್ ಬದಲಾಯಿಸ್ಬೇಡಿ, ಮೊದ್ಲು ಗ್ಯಾಸ್ (ಪೆಟ್ರೋಲ್) ಟ್ಯಾಂಕ್ ಕ್ಯಾಪ್ ತೆಗ್ದು ನೋಡಿ

ಸ್ಯಾನ್ ಹೋಸೆಲಿ ಶಾಪ್‌ನವ್ರು ಚೆಕ್ ಇಂಜಿನ್ ಲೈಟ್‌ನ ಪಿ0453 ಕೋಡ್ (ಟ್ಯಾಂಕ್ ಪ್ರೆಶರ್ ಸಿಗ್ನಲ್ ಮಿತಿ ಮೀರಿ ಮೇಲಿದೆ ಅಂತ) ನೋಡಿ ಫ್ಯೂಯಲ್ ಟ್ಯಾಂಕ್ ಪ್ರೆಶರ್ ಸೆನ್ಸರ್ ಹೋಗಿದೆ, ಟ್ಯಾಂಕ್ ಇಳಿಸ್ಬೇಕು ಅಂದಿದಾರೆ, ಮುಂದಿನ ತಿಂಗ್ಳು ಸ್ಮಾಗ್ ಚೆಕ್ (ಗಾಡಿ ಹೊಗೆ ಪರೀಕ್ಷೆ) ಬೇರೆ ಇದೆ, ಮನೇಲೇ ಟೆಸ್ಟ್ ಮಾಡ್ಬಹುದಾ ಅಂತ ಕೇಳಿದೀರಿ. ಖಂಡಿತ ಮಾಡ್ಬಹುದು. ಒಂದು ಮಲ್ಟಿಮೀಟರ್, ಲೈವ್ ಡೇಟಾ ತೋರ್ಸೋ ಓಬಿಡಿ ಸ್ಕ್ಯಾನರ್ (ಗಾಡಿ ಕಂಪ್ಯೂಟರ್ ಓದೋ ಸಾಧನ), ಇಷ್ಟಿದ್ರೆ ಸಾಕು. ಆದ್ರೆ ಗರಾಜ್ ಒಳಗೆ ಮಾತ್ರ ಬೇಡ, ಅಲ್ಲಿ ವಾಟರ್ ಹೀಟರ್ ಪೈಲಟ್ ಜ್ವಾಲೆ ಉರೀತಿದ್ರೆ ಗ್ಯಾಸ್ ಆವಿ ಹೊತ್ಕೊಳ್ಳೋಕೆ ಅಷ್ಟೇ ಸಾಕು, ಗಾಡಿ ಹೊರಗೆ ತಂದು ನಿಲ್ಸಿ.

ಈ ಸೆನ್ಸರ್ ಮಾಡೋದು ಇಷ್ಟೇ, ಟ್ಯಾಂಕ್ ಒಳಗಿನ ಪ್ರೆಶರನ್ನ ಹೊರಗಿನ ಗಾಳಿ ಜೊತೆ ಹೋಲಿಸಿ ನೋಡತ್ತೆ. ಕ್ಯಾಪ್ ತೆಗೆದ್ರೆ ಒಳಗೂ ಹೊರಗೂ ಒಂದೇ, ಅಂದ್ರೆ ಪ್ರೆಶರ್ ರೀಡಿಂಗ್ ಸೊನ್ನೆ ಹತ್ರ ಬರ್ಲೇಬೇಕು. ಇಂಜಿನ್ ಆಫ್, ಕೀ ಆನ್, ಕ್ಯಾಪ್ ತೆಗ್ದು ಸ್ಕ್ಯಾನರ್‌ನಲ್ಲಿ ವೋಲ್ಟೇಜ್ ನೋಡಿ. ಸೊನ್ನೆ ಪ್ರೆಶರ್‌ಗೆ ಎಷ್ಟೋ ಗಾಡಿಗಳಲ್ಲಿ ಎರಡೂವರೆ ವೋಲ್ಟ್ ಆಸುಪಾಸು ಇರತ್ತೆ, ಜಿಎಂ ಗಾಡಿಗಳಲ್ಲಿ ಒಂದೂವರೆ ಹತ್ರ, ನಿಮ್ಮ ಮಾಡೆಲ್ಲಿಂದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಸಿಗತ್ತೆ.

ಕ್ಯಾಪ್ ತೆಗ್ದ ಮೇಲೂ 4.8, 4.9 ಅಂತ ಮೇಲೇ ನಿಂತಿದ್ರೂ ಸೆನ್ಸರ್ರೇ ಹೋಗಿದೆ ಅಂತ ಅಲ್ಲ, ಇಲ್ಲೇ ತುಂಬಾ ಜನ ದುಡ್ಡು ಕಳ್ಕೊಳ್ಳೋದು. ಸೆನ್ಸರ್‌ಗೆ ಮೂರು ವೈರ್, 5 ವೋಲ್ಟ್ ರೆಫರೆನ್ಸ್ (ಕಂಪ್ಯೂಟರ್ ಕೊಡೋ ಸಪ್ಲೈ), ಗ್ರೌಂಡ್, ಸಿಗ್ನಲ್ (ರೀಡಿಂಗ್ ವಾಪಸ್ ಒಯ್ಯೋದು). ಗ್ರೌಂಡ್ ಕಟ್ಟಾದ್ರೆ ಸಿಗ್ನಲ್ ಮೇಲಕ್ಕೆ ಏರಿ ಇದೇ ಪಿ0453 ಬರತ್ತೆ, ರೆಫರೆನ್ಸ್ ಕಟ್ಟಾದ್ರೆ ಕೆಳಗೆ ಬಿದ್ದು ಪಿ0452. ಹಾಗಾಗಿ ಪ್ಲಗ್ ಬಿಚ್ಚಿ, ವೈರಿಂಗ್ ಡಯಾಗ್ರಾಮ್ ನೋಡ್ಕೊಂಡು, ಮೀಟರ್‌ನ ಕೆಂಪು ವೈರ್ ರೆಫರೆನ್ಸ್‌ಗೆ, ಕಪ್ಪು ವೈರ್ ಮೊದ್ಲು ಬಾಡಿ ಮೆಟಲ್‌ಗೆ ಆಮೇಲೆ ಪ್ಲಗ್‌ನ ಗ್ರೌಂಡ್ ಪಿನ್‌ಗೆ ಇಡಿ. ಬಾಡಿಗೆ ಇಟ್ರೆ 5 ಬಂದು ಪಿನ್‌ಗೆ ಇಟ್ರೆ ಬರ್ಲಿಲ್ಲ ಅಂದ್ರೆ ತಪ್ಪು ಗ್ರೌಂಡ್ ವೈರಿಂದು.

ನಾನು ಶಿಕಾಗೋದಲ್ಲಿದ್ದಾಗ ಒಂದು ಶಾಪ್‌ನಲ್ಲಿ ಹೊಸ ಸೆನ್ಸರ್ ಹಾಕಿಸ್ದೆ, ಎರಡೇ ದಿನಕ್ಕೆ ಲೈಟ್ ವಾಪಸ್ ಬಂತು. ಆಮೇಲೆ ನಾನೇ ಗಾಡಿ ಅಡಿ ಮಲ್ಕೊಂಡು ಕನೆಕ್ಟರ್ ಎಳೆದ್ರೆ ಗ್ರೌಂಡ್ ಪಿನ್ ಮೇಲೆ ಹಸಿರು ಪುಡಿ, ತಾಮ್ರದ ಪಾತ್ರೆ ಮೇಲೆ ಕಿಲುಬು ಹಿಡಿಯತ್ತಲ್ಲ ಹಾಗೆ, ಚಳಿಗಾಲದಲ್ಲಿ ರೋಡಿಗೆ ಹಾಕೋ ಉಪ್ಪು ಒಳಗೆ ಸೇರಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಉಜ್ಜಿ ಪಿನ್ ಬಿಗಿ ಮಾಡಿದ್ದಷ್ಟೇ, ಸರಿಹೋಯ್ತು.

ಸೊನ್ನೆ ಸರಿ ಬಂತು, ವೈರೂ ಸರಿ ಇದೆ ಅಂದ್ರೆ ಸೆನ್ಸರ್ ಅಲುಗತ್ತಾ ನೋಡ್ಬೇಕು. ಅದರ ಪೋರ್ಟ್‌ಗೆ ಕೈಯಲ್ಲಿ ಒತ್ತೋ ವ್ಯಾಕ್ಯೂಮ್ ಪಂಪ್ ಹಾಕಿ ಬಹಳ ಮೆಲ್ಲಗೆ ಎಳೀರಿ. ಇದು ನೀರಿನ ಇಂಚಲ್ಲಿ ಅಳೆಯೋ ತೀರಾ ಸಣ್ಣ ಪ್ರೆಶರ್, ಟಯರ್‌ಗೆ ಹೇಳೋ ಒಂದು ಪಿಎಸ್ಐ ಅಂದ್ರೇನೇ ಸುಮಾರು 27.7 ಇಂಚು, ಟಯರ್ ಕಂಪ್ರೆಸರ್ ಗಾಳಿ ಕೊಟ್ರೆ ಸೆನ್ಸರ್ ಅಲ್ಲೇ ಮುಗೀತು, ದಯವಿಟ್ಟು ಬೇಡ. ವೋಲ್ಟೇಜ್ ಏರತ್ತೋ ಇಳಿಯತ್ತೋ ಅದು ಗಾಡಿ ಮೇಲೆ ಹೋಗತ್ತೆ, ಆದ್ರೆ ಜಿಗೀದೆ ನಿಧಾನವಾಗಿ ಸಾಗ್ಬೇಕು, ಬಿಟ್ಟಾಗ ಮೊದಲಿನ ಜಾಗಕ್ಕೇ ಬರ್ಬೇಕು. ಅಂಟ್ಕೊಂಡು ನಿಂತ್ರೆ ಆಗ ಬದಲಾಯ್ಸಿ.

ಇನ್ನೊಂದು, ಕೋಡ್ ಕ್ಲಿಯರ್ ಮಾಡಿ ಅದೇ ದಿನ ಸ್ಮಾಗ್‌ಗೆ ಓಡ್ಬೇಡಿ, ರೆಡಿನೆಸ್ ಮಾನಿಟರ್ (ಗಾಡಿ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಂಡ ದಾಖಲೆ) ಎಲ್ಲಾ ಅಳಿಸಿ ಹೋಗಿರತ್ತೆ. ಕ್ಯಾಲಿಫೋರ್ನಿಯಾದಲ್ಲಿ 2000 ಮತ್ತು ಆಮೇಲಿನ ಮಾಡೆಲ್ ಗ್ಯಾಸ್ ಗಾಡಿಗಳಿಗೆ ಇವ್ಯಾಪ್ ಮಾನಿಟರ್ (ಟ್ಯಾಂಕ್ ಆವಿ ಹೊರಗೆ ಹೋಗದ ಹಾಗೆ ಹಿಡಿಯೋ ವ್ಯವಸ್ಥೆಯ ಪರೀಕ್ಷೆ) ಒಂದು ಬಾಕಿ ಇದ್ರೂ ಬಿಡ್ತಾರೆ, ಮಿಕ್ಕಿದ್ದೆಲ್ಲ ರೆಡಿ ಆಗಿರ್ಬೇಕು, ಸ್ವಲ್ಪ ದಿನ ಓಡ್ಸಿ ಸ್ಕ್ಯಾನರ್‌ನಲ್ಲಿ ನೋಡ್ಕೊಂಡು ಹೋಗಿ.

ಕ್ಯಾಪ್ ತೆಗ್ದಾಗ ಎಷ್ಟು ವೋಲ್ಟ್ ಬಂತು ಅಂತ ಮಾಡೆಲ್, ಇಯರ್ ಜೊತೆ ಕೆಳಗೆ ಹಾಕಿ, ನೋಡಿ ಹೇಳ್ತೀನಿ.