ಐವರ ಸಾಲು, ಆರನೆಯವನ ಸರದಿ

ಆಟದ ಅಂಗಳ: ಓದುಗರ ಪ್ರಶ್ನೆ, ನಮ್ಮ ಉತ್ತರ (2025ರ ಸೀಸನ್‌ಗೆ ಮುಂಚೆ ಬರೆದದ್ದು)

ಈ ಸಲ ಬಂದ ಪತ್ರಗಳಲ್ಲಿ ಅಮೆರಿಕನ್ ಫುಟ್‌ಬಾಲ್ ಬಗ್ಗೆಯೇ ಜಾಸ್ತಿ. ಸೆಪ್ಟೆಂಬರ್ 4ಕ್ಕೆ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 2025ರ ಸೀಸನ್ ಶುರು, ಅದಕ್ಕೇ ಇರಬೇಕು. ಅದರಲ್ಲೂ ಕಾನ್ಸಾಸ್ ಸಿಟಿ ಚೀಫ್ಸ್ ತಂಡದ ಮುಂದಿನ ಸಾಲು, ಅಂದರೆ ಆಫೆನ್ಸಿವ್ ಲೈನ್ ಬಗ್ಗೆ ತುಂಬಾ ಜನ ಕೇಳಿದ್ದಾರೆ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ (ದಾವಣಗೆರೆ): ಸಾರ್, ಮಗಳು ಅಳಿಯ ಕಾನ್ಸಾಸ್ ಸಿಟಿಯಲ್ಲಿದ್ದಾರೆ. ಹೋದ ವರ್ಷ ಅಲ್ಲಿಗೆ ಹೋದಾಗ ಅಳಿಯಂದಿರ ಜೊತೆ ಕೂತು ಈ ಆಟ ನೋಡಿದೆ. ಮುಂದೆ ಐದು ಜನ ದೊಡ್ಡ ಆಳುಗಳು ಬಗ್ಗಿ ನಿಲ್ಲುತ್ತಾರೆ, ಎದುರಿನವರನ್ನು ತಳ್ಳುತ್ತಾರೆ, ಅಷ್ಟೇ. ಅಳಿಯ ಮಾತ್ರ "ಮಾವ, ಇವರೇ ಮುಖ್ಯ" ಅಂತಾರೆ. ಹೇಗೆ ಸ್ವಾಮಿ?

ಉತ್ತರ: ಅಳಿಯಂದಿರು ಸರಿಯಾಗೇ ಹೇಳಿದ್ದಾರೆ. ನೀವು ಕಬಡ್ಡಿ ನೋಡಿದವರು ತಾನೇ? ಮೂಲೆಯಲ್ಲಿ ಕಾರ್ನರ್, ಪಕ್ಕದಲ್ಲಿ ಇನ್, ಇಬ್ಬರೂ ಕೈ ಕೈ ಹಿಡಿದು ನಿಂತಿರುತ್ತಾರೆ. ಒಳ್ಳೆ ರೇಡರ್ ನೋಡುವುದು ಆ ಇಬ್ಬರ ಬಲವನ್ನಲ್ಲ, ಅವರ ಮಧ್ಯದ ಕೊಂಡಿಯನ್ನು. ಒಬ್ಬ ಅರ್ಧ ಹೆಜ್ಜೆ ಮುಂದೆ, ಇನ್ನೊಬ್ಬ ಅರ್ಧ ಹೆಜ್ಜೆ ಹಿಂದೆ ಆದರೆ ಸಾಕು, ಪಾಯಿಂಟ್ ಹೋಯಿತು.

ಇಲ್ಲೂ ಅದೇ ಲೆಕ್ಕ. ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ತುದಿಗಳಲ್ಲಿ ಟ್ಯಾಕಲ್. ಒಬ್ಬೊಬ್ಬರೂ ಸುಮಾರು 140 ಕೆ.ಜಿ. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ, ಅದು ಬಿಟ್ಟರೆ ಈ ಐವರಿಗೆ ಚೆಂಡಿನ ಸಹವಾಸವೇ ಇಲ್ಲ. ಇವರ ಕೆಲಸ ಹಿಂದೆ ನಿಂತು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಎರಡೂವರೆ ಮೂರು ಸೆಕೆಂಡು ಕೊಡುವುದು. ಎದುರಿನವರು ಬರೀ ನೇರ ನುಗ್ಗುವುದಿಲ್ಲ. ಒಬ್ಬ ಒಳಗೆ ನುಗ್ಗಿದ ಹಾಗೆ ಮಾಡುತ್ತಾನೆ, ಅವನ ಬೆನ್ನ ಹಿಂದಿನಿಂದ ಇನ್ನೊಬ್ಬ ಸುತ್ತಿ ಬರುತ್ತಾನೆ. ಆಗ ಗಾರ್ಡ್ ತನ್ನವನನ್ನು ಟ್ಯಾಕಲ್‌ಗೆ ಒಪ್ಪಿಸಬೇಕು, ಟ್ಯಾಕಲ್ ತನ್ನವನನ್ನು ಗಾರ್ಡ್‌ಗೆ ಒಪ್ಪಿಸಬೇಕು. ಮಾತಾಡಲು ಪುರಸೊತ್ತಿಲ್ಲ, ಪಕ್ಕದವನ ಭುಜ ಅಲುಗಿದ್ದರಲ್ಲೇ ಗೊತ್ತಾಗಬೇಕು. ಈ ಹೊಂದಾಣಿಕೆ ಒಂದೆರಡು ವಾರದಲ್ಲಿ ಬರುವಂಥದ್ದಲ್ಲ.

ಪ್ರಶ್ನೆ (ಓವರ್‌ಲ್ಯಾಂಡ್ ಪಾರ್ಕ್, ಕಾನ್ಸಾಸ್): ಆರು ವರ್ಷದಿಂದ ಚೀಫ್ಸ್ ಅಭಿಮಾನಿ. ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗ್‌ನ ಫೈನಲ್‌ನಲ್ಲಿ, ಫಿಲಡೆಲ್ಫಿಯಾದ ಈಗಲ್ಸ್ ತಂಡ ನಮ್ಮ ಲೈನನ್ನು ಹರಿದು ಹಾಕಿದ್ದು ನೋಡಿ ಹೊಟ್ಟೆ ಉರಿದುಹೋಯಿತು. ಆಮೇಲೆ ಇದ್ದವರಲ್ಲಿ ಒಳ್ಳೆಯವನಾದ ಜೋ ಥೂನಿಯನ್ನೇ ಮಾರಿಬಿಟ್ಟರು! ಎಡಗಡೆ ಈಗ ಇಬ್ಬರು ಹುಡುಗರು. ಈ ಹೊಸ ಸಾಲನ್ನು ನಂಬಬಹುದಾ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ನಾನೂ ಆ ಪಂದ್ಯ ಕೊನೆತನಕ ನೋಡಿದವನು. 40-22 ಸೋಲು. ನಿಮ್ಮ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಆರು ಸಲ ಎಸೆಯುವ ಮೊದಲೇ ಚೆಂಡಿನ ಸಮೇತ ನೆಲಕ್ಕೆ ಬಿದ್ದ, ಅದಕ್ಕೆ ಸ್ಯಾಕ್ ಅನ್ನುತ್ತಾರೆ. ಅವನ ಇಡೀ ವೃತ್ತಿಯಲ್ಲಿ ಒಂದೇ ಪಂದ್ಯಕ್ಕೆ ಅಷ್ಟು ಸ್ಯಾಕ್ ಆಗಿದ್ದು ಅದೇ ಮೊದಲು. ಇನ್ನೂ ನೋವಿನ ಸಂಗತಿ ಅಂದರೆ ಈಗಲ್ಸ್ ಒಮ್ಮೆಯೂ ಬ್ಲಿಟ್ಜ್ ಮಾಡಲಿಲ್ಲ, ಹೆಚ್ಚುವರಿ ಆಟಗಾರನನ್ನು ನುಗ್ಗಿಸಲೇ ಇಲ್ಲ. ನಾಲ್ಕು ಜನ ಬಂದು ಐದು ಜನರ ಸಾಲನ್ನು ಮುರಿದರು.

ಆದರೆ ಅದಕ್ಕೆ ಕಾರಣ ಫೆಬ್ರುವರಿಯಲ್ಲಿ ಹುಟ್ಟಿದ್ದಲ್ಲ. 2024ರ ಸೀಸನ್ ಪೂರ್ತಿ ಲೆಫ್ಟ್ ಟ್ಯಾಕಲ್ ಜಾಗ ಖಾಲಿ ಕುರ್ಚಿ ಥರ ಇತ್ತು. ಮೊದಲು ಕಿಂಗ್ಸ್‌ಲಿ ಸುವಾಮಟಾಯಾ ಎಂಬ ಹೊಸ ಹುಡುಗ, ಎರಡನೇ ಪಂದ್ಯದಲ್ಲೇ ಅವನನ್ನು ಹೊರಗೆ ಕೂರಿಸಿದರು. ಆಮೇಲೆ ವಾನ್ಯಾ ಮಾರಿಸ್. ನವೆಂಬರ್‌ನಲ್ಲಿ ಡಿ.ಜೆ. ಹಂಫ್ರೀಸ್‌ನನ್ನು ಕರೆತಂದರು, ಅವನು ಮೊದಲ ಪಂದ್ಯದಲ್ಲೇ ತೊಡೆಯ ಹಿಂದಿನ ಸ್ನಾಯು ಎಳೆದುಕೊಂಡ. ಕೊನೆಗೆ ಗಾರ್ಡ್ ಆಗಿದ್ದ ಥೂನಿಯನ್ನೇ ಟ್ಯಾಕಲ್‌ಗೆ ಸರಿಸಿದರು. ಒಂದು ತೂತು ಮುಚ್ಚಲು ಹೋಗಿ ಪಕ್ಕದಲ್ಲಿ ಇನ್ನೊಂದು ತೂತು. ಮಹೋಮ್ಸ್‌ಗೆ ಲೀಗ್ ಪಂದ್ಯಗಳಲ್ಲೇ 36 ಸ್ಯಾಕ್ ಆಗಿದ್ದವು. 15 ಗೆದ್ದು 2 ಸೋತ ದಾಖಲೆ ನೋಡಿ ಎಲ್ಲರೂ ಅದನ್ನು ಮರೆತಿದ್ದೆವು, ಅಲ್ವಾ?

ಥೂನಿ ವಿಷಯಕ್ಕೆ ಬರೋಣ. ಮಾರ್ಚ್‌ನಲ್ಲಿ ಚಿಕಾಗೋ ಬೇರ್ಸ್‌ಗೆ ಕೊಟ್ಟರು, ಬದಲಿಗೆ 2026ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿ ಪ್ರಕಾರ ಕಾಲೇಜು ಹುಡುಗರನ್ನು ಆರಿಸುವಲ್ಲಿ, ನಾಲ್ಕನೇ ಸುತ್ತಿನ ಆಯ್ಕೆ. ಅಷ್ಟು ಒಳ್ಳೆಯ ಆಟಗಾರನಿಗೆ ಕಮ್ಮಿ ಬೆಲೆಯೇ. ಆದರೆ ಅವನಿಗೆ 32 ವರ್ಷ, ಒಪ್ಪಂದದ ಕೊನೆಯ ವರ್ಷ. ತಂಡದ ಸಂಬಳಕ್ಕೆ ಲೀಗ್ ಹಾಕಿದ ಮಿತಿ 2025ಕ್ಕೆ 27.92 ಕೋಟಿ ಡಾಲರ್. ಸೆಂಟರ್ ಕ್ರೀಡ್ ಹಂಫ್ರಿಗೆ ಹೋದ ವರ್ಷವೇ ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಒಪ್ಪಂದ ಆಗಿತ್ತು, ರೈಟ್ ಗಾರ್ಡ್ ಟ್ರೇ ಸ್ಮಿತ್‌ಗೆ ಈ ಜುಲೈನಲ್ಲಿ ನಾಲ್ಕು ವರ್ಷಕ್ಕೆ 9.4 ಕೋಟಿ. ಮೂವರನ್ನೂ ಇಟ್ಟುಕೊಳ್ಳುವುದು ಕಷ್ಟ. ಚಿಕ್ಕ ವಯಸ್ಸಿನ ಇಬ್ಬರನ್ನು ಉಳಿಸಿಕೊಂಡರು. ಮನಸ್ಸಿಗೆ ಬೇಜಾರಾದರೂ ನನಗೆ ಅದು ಸರಿ ಅನ್ನಿಸುತ್ತದೆ.

ಈಗ ಎಡಗಡೆ. ಟ್ಯಾಕಲ್‌ಗೆ ಜಾಶ್ ಸಿಮನ್ಸ್, ಓಹಾಯೋ ಸ್ಟೇಟ್‌ನವನು, ಡ್ರಾಫ್ಟ್‌ನ ಮೊದಲ ಸುತ್ತಿನ ಕೊನೆಯ ಆಯ್ಕೆ, ಸಂಖ್ಯೆ 32. ಅಷ್ಟು ಕೆಳಗೆ ಸಿಕ್ಕಿದ್ದೇ ಗಾಯದಿಂದ. ಕಳೆದ ಅಕ್ಟೋಬರ್‌ನಲ್ಲಿ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಹರಿದಿತ್ತು. ಅವನ ಪಕ್ಕದ ಗಾರ್ಡ್ ಜಾಗಕ್ಕೆ ಅದೇ ಸುವಾಮಟಾಯಾ. ತುದಿಯಲ್ಲಿ ಒಬ್ಬನೇ ನಿಂತು ವೇಗದವರನ್ನು ತಡೆಯಲು ತಡಬಡಿಸಿದ ಹುಡುಗ, ಎರಡೂ ಪಕ್ಕ ಆಸರೆ ಇರುವ ಗಾರ್ಡ್ ಜಾಗದಲ್ಲಿ ಚೆನ್ನಾಗಿ ಆಡಬಹುದು. ಆದರೂ ಇಬ್ಬರಿಗೂ ಆ ಜಾಗ ಹೊಸದು, ಅದೂ ಅಕ್ಕಪಕ್ಕ. ನಿಮ್ಮ ಹೆದರಿಕೆ ಸುಮ್ನೆ ಅಲ್ಲ.

ಹಾಗಂತ ಕೈ ಚೆಲ್ಲಬೇಡಿ. 2021 ನೆನಪು ಮಾಡಿಕೊಳ್ಳಿ. ಆ ಫೆಬ್ರುವರಿಯಲ್ಲಿ ಟ್ಯಾಂಪಾದ ಸೂಪರ್ ಬೌಲ್‌ನಲ್ಲಿ 31-9 ಸೋಲು. ಇಬ್ಬರು ಟ್ಯಾಕಲ್‌ಗಳೂ ಗಾಯವಾಗಿ ಹೊರಗಿದ್ದರು, ಗಾರ್ಡ್ ಡುವರ್ನೆ-ಟಾರ್ಡಿಫ್ ವೈದ್ಯನೂ ಆಗಿದ್ದರಿಂದ ಕೋವಿಡ್ ಸಮಯದಲ್ಲಿ ಆಟ ಬಿಟ್ಟು ಕ್ವಿಬೆಕ್‌ನ ಆರೈಕೆ ಕೇಂದ್ರದಲ್ಲಿ ದುಡಿಯಲು ಹೋಗಿದ್ದ. ಮಹೋಮ್ಸ್ ಮೇಲೆ ಅವತ್ತು 29 ಸಲ ಒತ್ತಡ ಬಂತು. ನಾಲ್ಕನೇ ಕ್ವಾರ್ಟರ್‌ನಲ್ಲಿ ಒಂದು ಎಸೆತ ಇದೆ, ನೋಡಿ: ಹಿಂದಕ್ಕೆ ಓಡಿ ಓಡಿ, ಕಾಲಿಗೆ ಯಾರೋ ಬಿದ್ದು, ಮೈ ನೆಲಕ್ಕೆ ಅಡ್ಡವಾಗಿ ಗಾಳಿಯಲ್ಲಿ ತೇಲುತ್ತಿರುವಾಗ ಎಸೆಯುತ್ತಾನೆ, ಚೆಂಡು ನೇರ ಎಂಡ್ ಝೋನ್‌ನಲ್ಲಿದ್ದ, ಅಂದರೆ ಹಿಡಿದರೆ ಅಂಕ ಸಿಗುವ ಜಾಗದಲ್ಲಿದ್ದ, ಜೊತೆಗಾರನ ಹೆಲ್ಮೆಟ್‌ಗೆ ಬಡಿದು ಕೆಳಗೆ ಬೀಳುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಕರುಳು ಚುರುಕ್ ಅನ್ನುತ್ತದೆ.

ಆಮೇಲೆ ಏನು ಮಾಡಿದರು? ಐದಕ್ಕೆ ಐದೂ ಜಾಗ ಬದಲು. ಥೂನಿ ಬಂದಿದ್ದು ಆಗಲೇ, ಐದು ವರ್ಷಕ್ಕೆ 8 ಕೋಟಿ ಡಾಲರ್. ರೇವನ್ಸ್ ತಂಡದಿಂದ ಆರ್ಲಾಂಡೊ ಬ್ರೌನ್. ಡ್ರಾಫ್ಟ್‌ನಲ್ಲಿ ಎರಡನೇ ಸುತ್ತಿಗೆ ಹಂಫ್ರಿ, ಆರನೇ ಸುತ್ತಿಗೆ ಟ್ರೇ ಸ್ಮಿತ್, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದ ಕಾರಣಕ್ಕೆ ಬೇರೆಯವರು ಹಿಂದೆಮುಂದೆ ನೋಡಿದ ಹುಡುಗ. ಬಲತುದಿಗೆ ಲೂಕಸ್ ನಿಯಾಂಗ್, ಹಿಂದಿನ ವರ್ಷ ಕೋವಿಡ್‌ಗೆ ಹೆದರಿ ಆಡದೆ ಉಳಿದಿದ್ದವನು. ಅಂದರೆ ಬ್ರೌನ್ಸ್ ತಂಡದ ವಿರುದ್ಧ ಮೊದಲ ಪಂದ್ಯಕ್ಕೆ ಇಳಿದಾಗ ಸೆಂಟರ್, ರೈಟ್ ಗಾರ್ಡ್, ರೈಟ್ ಟ್ಯಾಕಲ್, ಅಕ್ಕಪಕ್ಕ ನಿಂತ ಮೂವರಿಗೂ ಅದು ಎನ್‌ಎಫ್‌ಎಲ್‌ನ ಮೊದಲ ದಿನ! 33-29 ಗೆದ್ದರು. ಈ ಸಲ ಹೊಸಬರು ಇಬ್ಬರೇ. ಪಕ್ಕದಲ್ಲೇ ಹಂಫ್ರಿ ಇದ್ದಾನೆ.

ಬಲತುದಿಯ ಜವಾನ್ ಟೇಲರ್ ಬಗ್ಗೆ ಒಂದು ಮಾತು. 2023ರಲ್ಲಿ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಪೆನಾಲ್ಟಿ ಅವನದೇ. ಅದು ಕಮ್ಮಿ ಆಗಲೇಬೇಕು.

ಪ್ರಶ್ನೆ (ಬೆಂಗಳೂರು): ಐದು ಜನ ಗಟ್ಟಿ ಇದ್ದರೆ ಸಾಕಲ್ವಾ? ಎಲ್ಲರೂ "ಡೆಪ್ತ್, ಡೆಪ್ತ್" (ಒಳ್ಳೆ ಬದಲಿ ಆಟಗಾರರು ಬೇಕು) ಅಂತ ಯಾಕೆ ಹೊಡೆದುಕೊಳ್ಳುತ್ತಾರೆ? ಕ್ರಿಕೆಟ್‌ನಲ್ಲಿ ಹನ್ನೆರಡನೆಯವನು ನೀರು ತರುತ್ತಾನೆ, ಅಷ್ಟೇ.

ಉತ್ತರ: ಇಲ್ಲ, ಸಾಕಾಗುವುದಿಲ್ಲ. ನನ್ನ ಪ್ರಕಾರ ಸೀಸನ್ ನಿಂತಿರುವುದೇ ಆರನೆಯವನು, ಏಳನೆಯವನ ಮೇಲೆ. 17 ಪಂದ್ಯ, ಪ್ರತಿ ಪಂದ್ಯಕ್ಕೂ ಅರವತ್ತು ಎಪ್ಪತ್ತು ಸಲ ಡಿಕ್ಕಿ. ಆಗಸ್ಟ್‌ನ ಐವರೇ ಜನವರಿಯಲ್ಲೂ ನಿಂತಿರುವುದು ತೀರಾ ಅಪರೂಪ. ಲೀಗ್‌ಗೂ ಇದು ಗೊತ್ತು. ತಂಡದಲ್ಲಿ 53 ಜನ ಇದ್ದರೂ ಪಂದ್ಯದ ದಿನ 48 ಜನರನ್ನು ಇಳಿಸಬೇಕಾದರೆ ಅದರಲ್ಲಿ ಕನಿಷ್ಠ ಎಂಟು ಜನ ಆಫೆನ್ಸಿವ್ ಲೈನ್‌ನವರು ಇರಲೇಬೇಕು ಅಂತ ನಿಯಮ ಮಾಡಿದ್ದಾರೆ. ಅಂದರೆ ಐದು ಜಾಗಕ್ಕೆ ಮೂವರು ಬದಲಿ. ಹಾಗಾಗಿ ಬೆಂಚಿನವನು ಒಂದೇ ಜಾಗ ಕಲಿತರೆ ಸಾಲದು. ಅದೂ ವಾರವಿಡೀ ಅಭ್ಯಾಸದಲ್ಲಿ ಹೆಚ್ಚಿನ ಪಾಲು ಮೊದಲ ಐವರಿಗೇ ಹೋಗುತ್ತದೆ. ಇವನು ನೋಡುತ್ತಾ ಕಲಿತು, ಮೈ ತಣ್ಣಗಿರುವಾಗಲೇ ಎದ್ದು ಹೋಗಿ ನಿಲ್ಲಬೇಕು.

ಇಬ್ಬರ ಹೆಸರು ಹೇಳುತ್ತೇನೆ, ನೆನಪಿಡಿ. ಒಬ್ಬ ಆಂಡ್ರ್ಯೂ ವೈಲಿ. ಡ್ರಾಫ್ಟ್‌ನಲ್ಲಿ ಯಾರೂ ಆರಿಸದವನು. 29 ಸಲ ಒತ್ತಡ ಬಂದ ಆ ಟ್ಯಾಂಪಾ ಪಂದ್ಯದಲ್ಲಿ ಬಲತುದಿಯಲ್ಲಿ ನಿಂತಿದ್ದವನು ಇವನೇ. 2021ರಲ್ಲಿ ಹೊಸ ಸಾಲು ಕಟ್ಟಿದಾಗ ಬೆಂಚಿಗೆ ಹೋದ. ನಿಯಾಂಗ್‌ಗೆ ಗಾಯವಾದಾಗ ಮತ್ತೆ ಬಂದ. 2023ರ ಫೆಬ್ರುವರಿಯ ಸೂಪರ್ ಬೌಲ್‌ಗೆ ಅದೇ ಬಲತುದಿಯಲ್ಲಿ ನಿಂತ. ಎದುರಿಗೆ ಆ ಸೀಸನ್‌ನಲ್ಲಿ 70 ಸ್ಯಾಕ್ ಮಾಡಿ ಬಂದಿದ್ದ ಈಗಲ್ಸ್. ಅವತ್ತು ಮಹೋಮ್ಸ್‌ಗೆ ಆದ ಸ್ಯಾಕ್ ಸೊನ್ನೆ! ಎರಡೇ ವರ್ಷದ ಅಂತರ, ಅದೇ ಮನುಷ್ಯ, ಅದೇ ಜಾಗ. ಬದಲಾಗಿದ್ದು ಪಕ್ಕದಲ್ಲಿದ್ದವರು.

ಇನ್ನೊಬ್ಬ ನಿಕ್ ಅಲೆಗ್ರೆಟ್ಟಿ. ಏಳನೇ ಸುತ್ತಿನ ಆಯ್ಕೆ. 2024ರ ಫೆಬ್ರುವರಿಯ ಸೂಪರ್ ಬೌಲ್‌ಗೆ ಥೂನಿ ಗಾಯವಾಗಿ ಹೊರಗಿದ್ದ, ಆ ಜಾಗಕ್ಕೆ ಇವನು. ಎರಡನೇ ಕ್ವಾರ್ಟರ್‌ನಲ್ಲೇ ಮೊಣಕೈಯ ಲಿಗಮೆಂಟ್ ಹರಿಯಿತು. ಗಾರ್ಡ್ ಅಂದರೆ ಕೈಯಲ್ಲೇ ಬದುಕುವವನು. ಎದುರಿನವನ ಎದೆಗೆ ಅಂಗೈ ಕೊಟ್ಟು, ಮೊಣಕೈ ಬಿಗಿಹಿಡಿದು ತಡೆಯಬೇಕು. ಅಂಥ ಮೊಣಕೈ ಹರಿದುಕೊಂಡು, ಎಕ್ಸ್‌ಟ್ರಾ ಟೈಮ್ ಮುಗಿಯುವವರೆಗೂ ಆಡಿದ. ತಂಡ 25-22 ಗೆದ್ದಿತು. ಆ ಪಂದ್ಯದ ಮುಖ್ಯಾಂಶಗಳಲ್ಲಿ ಅವನನ್ನು ಯಾರೂ ತೋರಿಸುವುದಿಲ್ಲ, ಅದು ನನಗೆ ಇವತ್ತಿಗೂ ಬೇಸರ.

ವೈಲಿ 2023ರಲ್ಲಿ, ಅಲೆಗ್ರೆಟ್ಟಿ 2024ರಲ್ಲಿ ವಾಷಿಂಗ್ಟನ್ ತಂಡಕ್ಕೆ ಹೋದರು. ಅವರ ಜಾಗಕ್ಕೆ ಅಷ್ಟು ನಂಬಿಕಸ್ಥರು ಬರಲಿಲ್ಲ. ಮುಂದಿನ ಕಥೆ ಮೇಲೇ ಹೇಳಿದ್ದೇನೆ.

ಈ ವರ್ಷ ಅದನ್ನು ಸರಿಮಾಡಲು ನೋಡಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಜೇಲನ್ ಮೂರ್ ಬಂದಿದ್ದಾನೆ, ಎರಡು ವರ್ಷಕ್ಕೆ 3 ಕೋಟಿ ಡಾಲರ್. ಅಲ್ಲಿ ಟ್ರೆಂಟ್ ವಿಲಿಯಮ್ಸ್‌ನಂಥ ದಿಗ್ಗಜನ ಹಿಂದೆ ಬದಲಿಯಾಗಿದ್ದವನು, ಕಾದು ಕೂತು ಎದ್ದು ಆಡಿ ಗೊತ್ತಿರುವವನು. ಸಿಮನ್ಸ್ ಮಂಡಿ ಕೈಕೊಟ್ಟರೆ ಇವನೇ ಗತಿ. ಬೆಂಚಿಗೆ ಅಷ್ಟು ದುಡ್ಡಾ ಅಂತ ಕೆಲವರು ಗೊಣಗುತ್ತಾರೆ. ನನ್ನನ್ನು ಕೇಳಿದರೆ ಈ ವರ್ಷ ಇವರು ಮಾಡಿದ ಅತ್ಯಂತ ಒಳ್ಳೆಯ ಖರ್ಚು ಅದೇ. ಗಾರ್ಡ್‌ಗೆ ಮೈಕ್ ಕ್ಯಾಲಿಯೆಂಡೊ, ಸೆಂಟರ್‌ಗೆ ಹಂಟರ್ ನೂರ್ಝಾದ್ ಇದ್ದಾರೆ. ನನಗೆ ಚಿಂತೆ ಇರುವುದು ಸೆಂಟರ್ ಬಗ್ಗೆ. ಹಂಫ್ರಿಗೆ ಏನಾದರೂ ಆದರೆ ಇಡೀ ಸಾಲಿಗೆ ಸನ್ನೆ ಕೊಡುವವನೇ ಇಲ್ಲದಂತಾಗುತ್ತದೆ.

ಪ್ರಶ್ನೆ (ಫ್ರಿಸ್ಕೊ, ಟೆಕ್ಸಾಸ್): ನನ್ನ ಮಗನಿಗೆ ಹದಿನಾಲ್ಕು. ಶಾಲೆಯ ತಂಡದಲ್ಲಿ ರೈಟ್ ಗಾರ್ಡ್ ಮಾಡಿದ್ದಾರೆ. "ಅಮ್ಮ, ನಾನು ಚೆಂಡು ಮುಟ್ಟೋದೇ ಇಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಾನೆ. ಏನು ಹೇಳಲಿ?

ಉತ್ತರ: ತಾಯೀ, ಮೊದಲು ಸುರಕ್ಷತೆ. ತಲೆ ಮುಂದೆ ಮಾಡಿ ಗುದ್ದದಂತೆ, ಕೈಯಿಂದ ತಡೆಯುವಂತೆ ಕಲಿಸುತ್ತಿದ್ದಾರಾ ಅಂತ ಕೋಚ್ ಹತ್ತಿರ ನೇರವಾಗಿ ಕೇಳಿ. ತಲೆನೋವು, ಮಂಕು ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ, ಆಟ ನಿಲ್ಲಿಸಿ.

ನಾನು ಆ ಕಡೆ ಇದ್ದಾಗ ಒಮ್ಮೆ ಒಂದು ಹೈಸ್ಕೂಲ್ ಮೈದಾನದ ತಂತಿಬೇಲಿ ಪಕ್ಕ ನಿಂತು ಅಭ್ಯಾಸ ನೋಡಿದ್ದೆ. ಆಗಸ್ಟ್ ಬಿಸಿಲು. ಒಂದು ಕಡೆ ಚೆಂಡು ಹಾರುತ್ತಿತ್ತು, ಎಲ್ಲರ ಕಣ್ಣೂ ಆ ಕಡೆ. ಮೂಲೆಯಲ್ಲಿ ಐದು ಹುಡುಗರು ಚೆಂಡೇ ಇಲ್ಲದೆ ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ಇಡುತ್ತಿದ್ದರು. ಗೇಣುದ್ದದ ಹೆಜ್ಜೆ. ಐದು ಬೂಟು ಒಟ್ಟಿಗೆ ನೆಲಕ್ಕೆ ತಾಗಿ ಒಂದೇ ಸದ್ದು ಬರುವವರೆಗೂ ಕೋಚ್ ಬಿಡಲಿಲ್ಲ. ಆ ಸದ್ದು ಬಂದಾಗ ಹುಡುಗರೇ ಕಿರುಚಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮುಂದಿನ ಪಂದ್ಯಕ್ಕೆ ಹೋದಾಗ ನೀವೊಬ್ಬರಾದರೂ ಚೆಂಡು ಬಿಟ್ಟು ಮಗನ ಕಾಲನ್ನೇ ನೋಡಿ. ಮನೆಗೆ ಬರುವಾಗ ಕಾರಲ್ಲಿ "ಆ ಮೂರನೇ ಆಟದಲ್ಲಿ ಅವನನ್ನ ಟ್ಯಾಕಲ್‌ಗೆ ಒಪ್ಪಿಸಿದ್ಯಲ್ಲ, ಚೆನ್ನಾಗಿತ್ತು ಕಣೋ" ಅನ್ನಿ. ಅವನ ಮುಖ ಹೇಗಾಗುತ್ತದೆ ನೋಡಿ.

ಪ್ರಶ್ನೆ (ಮೈಸೂರು): ಚೀಫ್ಸ್ ಮೊದಲ ಪಂದ್ಯ ಇಲ್ಲಿಂದ ನೋಡಬಹುದಾ?

ಉತ್ತರ: ಖಂಡಿತ. ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಚಾರ್ಜರ್ಸ್ ತಂಡದ ವಿರುದ್ಧ, ಅಲ್ಲಿ 2025ರ ಸೆಪ್ಟೆಂಬರ್ 5ರ ರಾತ್ರಿ. ನಮಗೆ 6ನೇ ತಾರೀಕು ಶನಿವಾರ ಬೆಳಗಿನ ಜಾವ 5.30. ಯೂಟ್ಯೂಬ್‌ನಲ್ಲಿ ಪುಕ್ಕಟೆ ಬರುತ್ತದೆ. ಕಾಫಿ ಮಾಡಿಕೊಂಡು ಕೂರಿ. ಮೊದಲ ಹತ್ತು ನಿಮಿಷ ಮಹೋಮ್ಸ್‌ನನ್ನು ಮರೆತು 71 ಮತ್ತು 76ನೇ ಅಂಗಿಗಳನ್ನು ನೋಡಿ, ಸಿಮನ್ಸ್ ಮತ್ತು ಸುವಾಮಟಾಯಾ. ಎದುರಿನವರು ಅಡ್ಡಾದಿಡ್ಡಿ ಸುತ್ತಿ ಬಂದಾಗ ಇಬ್ಬರ ಭುಜದ ನಡುವೆ ಸಂದು ಬಿಡುತ್ತದಾ, ಇಲ್ವಾ? ನೋಡಿ ನನಗೆ ಬರೆಯಿರಿ.